ಇಳಿಬಿಸಿಲಲ್ಲಿ ಮೋತಿ

ಬೆಂಗಳೂರಿನ ಉತ್ತರಕ್ಕೆ, ರಾಜಾನುಕುಂಟೆಯಿಂದ ಹೆಸರಘಟ್ಟಕ್ಕೆ ಹೋಗುವ ದಾರಿಯಲ್ಲಿ, ರಸ್ತೆ ಬಿಟ್ಟು ಸ್ವಲ್ಪ ಒಳಗೆ ಹೋದರೆ ಒಂದು ಸಣ್ಣ ಕೆರೆ ಇದೆ. ಊರಿನ ಹೆಸರು ಬೇಡ. ಅಲ್ಲಿ ಕುದುರೆ ಮೇಯಿಸುವ ಸಾಹೇಬರಿಗೆ ಜನ ಬಂದು ಮುತ್ತಿಕೊಳ್ಳುವುದು ಇಷ್ಟವಿಲ್ಲ. ಕೆರೆ ಏರಿಯ ಮೇಲೆ ನಿಂತು ಪಶ್ಚಿಮಕ್ಕೆ ನೋಡಿದರೆ ಕೆಳಗೆ ಹಳೆಯ ಅಚ್ಚುಕಟ್ಟು. ಒಂದು ಕಾಲಕ್ಕೆ ಪೂರ್ತಿ ಗದ್ದೆಯಾಗಿತ್ತಂತೆ. ಈಗ ಅರ್ಧ ರಾಗಿ ಹೊಲ, ಅರ್ಧ ಸೈಟು. ಸುಣ್ಣ ಬಳಿದು ಕೆಂಪು ಬಣ್ಣದಲ್ಲಿ ನಂಬರ್ ಬರೆದ ಕಲ್ಲುಗಳು ಸಾಲಾಗಿ ನಿಂತಿವೆ. ಮನೆ ಇನ್ನೂ ಒಂದೂ ಎದ್ದಿಲ್ಲ. ಕಲ್ಲುಗಳ ನಡುವೆ ಹುಲ್ಲು ಬೆಳೆದಿದೆ. ಆ ಹುಲ್ಲಿನಲ್ಲಿ ಒಂದು ಬಿಳಿ ಕುದುರೆ.

ಅದನ್ನು ನಾನು ಮೊದಲು ನೋಡಿದ್ದು ನವೆಂಬರಿನಲ್ಲಿ. ರಾಗಿ ಕುಯ್ಲಿನ ಸಮಯ. ಸಂಜೆ ಐದು ಗಂಟೆ ಆಗಿತ್ತು. ಕೂಳೆಯ ಮೇಲೆ ಬಿಸಿಲು ಓರೆಯಾಗಿ ಬಿದ್ದು ಹೊಲವೆಲ್ಲ ಜೇನುತುಪ್ಪದ ಬಣ್ಣಕ್ಕೆ ತಿರುಗಿತ್ತು. ಕುದುರೆ ತಲೆ ಬಗ್ಗಿಸಿ ಮೇಯುತ್ತಿತ್ತು. ಬೆನ್ನಿನ ಮೇಲೆ ಒಂದು ಬೆಳಕಿನ ಗೆರೆ. ನಾನು ಬೈಕ್ ನಿಲ್ಲಿಸಿದೆ. ಬ್ಯಾಗಿನಲ್ಲಿ ಕ್ಯಾಮೆರಾ ಇತ್ತು. ಆ ದಿನದಿಂದ ಮಾರ್ಚ್ ಕೊನೆಯವರೆಗೆ, ಬಿಡುವಾದಾಗಲೆಲ್ಲ ಅಲ್ಲಿಗೆ ಹೋಗಿದ್ದೇನೆ. ಒಂದು ಫೋಟೋಗಾಗಿ.

ಮೊದಲ ದಿನ ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಕುದುರೆಯ ಮುಖ ಚೆನ್ನಾಗಿ ಬರಲಿ ಅಂತ ನೇರವಾಗಿ ಅದರ ಎದುರಿಗೆ ನಡೆದುಕೊಂಡು ಹೋದೆ. ಕ್ಯಾಮೆರಾದಲ್ಲಿ ವೈಡ್ ಲೆನ್ಸ್ ಇತ್ತು. ಹಾಗಾಗಿ ತೀರಾ ಹತ್ತಿರ ಹೋಗಬೇಕಾಯಿತು. ಮಾರು ದೂರದಲ್ಲಿ ಕೂತು ಕ್ಯಾಮೆರಾ ಎತ್ತಿದೆ. ಕುದುರೆ ಥಟ್ಟನೆ ತಲೆ ಮೇಲೆತ್ತಿತು. ಮೂಗಿನಿಂದ ಫುರ್ ಅಂತ ಉಸಿರು ಬಿಟ್ಟಿತು. ಹಿಂದಕ್ಕೆ ಜಗ್ಗಿದ ರಭಸಕ್ಕೆ ಗೂಟವೇ ಅರ್ಧ ಕಿತ್ತು ಬಂತು. ಹೊಂಗೆ ಮರದ ಕೆಳಗೆ ಕೂತಿದ್ದ ಸಾಹೇಬರು ಎದ್ದು ಓಡಿ ಬಂದರು.

"ಎದ್ರುಗಡೆಯಿಂದ ಹಂಗೆ ಬರಬೇಡಿ ಸಾರ್. ಮೂತಿ ಹತ್ರ ಬಂದ್ರೆ ಅದ್ಕೆ ನೀವು ಕಾಣಲ್ಲ. ಪಕ್ಕದಿಂದ ಬನ್ನಿ. ಮಾತಾಡ್ಕೊಂಡು ಬನ್ನಿ."

ಕ್ಷಮೆ ಕೇಳಿದೆ. ಅವರು ನನ್ನ ಕಡೆ ನೋಡಲಿಲ್ಲ. ಕುದುರೆಯ ಕುತ್ತಿಗೆಗೆ ಅಂಗೈ ಇಟ್ಟು "ಮೋತಿ, ಮೋತಿ" ಅಂತ ಮೆಲ್ಲಗೆ ಅನ್ನುತ್ತಾ ನಿಂತರು. ಅದರ ಉಸಿರು ಸಮಾಧಾನಕ್ಕೆ ಬರಲು ಐದು ನಿಮಿಷ ಹಿಡಿಯಿತು. ಅಷ್ಟರಲ್ಲಿ ಬೆಳಕು ಹೋಯಿತು.

ಮನೆಗೆ ಬಂದು ಓದಿದೆ. ಅವರು ಹೇಳಿದ್ದು ಅಕ್ಷರಶಃ ನಿಜ. ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿವೆ. ನೆಲದ ಮೇಲೆ ಬದುಕುವ ಸಸ್ತನಿಗಳಲ್ಲಿ ಅಷ್ಟು ದೊಡ್ಡ ಕಣ್ಣು ಬೇರೆ ಯಾವುದಕ್ಕೂ ಇಲ್ಲ ಎನ್ನಬಹುದು. ತಲೆ ಅಲುಗಿಸದೆ ಸುಮಾರು 350 ಡಿಗ್ರಿ ಸುತ್ತ ನೋಡಬಲ್ಲದು. ಕಾಣದೆ ಉಳಿಯುವುದು ಎರಡೇ ಜಾಗ: ಹಣೆಯ ಮುಂದೆ ತೀರಾ ಹತ್ತಿರ, ಮತ್ತೆ ಬಾಲದ ನೇರ ಹಿಂದೆ. ನಾನು ಹೋಗಿ ಕೂತದ್ದು ಸರಿಯಾಗಿ ಆ ಮೊದಲ ಜಾಗದಲ್ಲಿ. ಅದರ ಪಾಲಿಗೆ ಏನೋ ಒಂದು ಬರುತ್ತಿತ್ತು, ಇದ್ದಕ್ಕಿದ್ದ ಹಾಗೆ ಮಾಯವಾಯಿತು, ಆದರೆ ವಾಸನೆ ಮಾತ್ರ ಮೂಗಿನ ತುದಿಯಲ್ಲೇ ಇದೆ. ಹೆದರದೆ ಇನ್ನೇನು ಮಾಡೀತು? ಬೇಟೆಯಾಡುವ ಪ್ರಾಣಿಯಲ್ಲ ಅದು. ಲಕ್ಷಾಂತರ ವರ್ಷ ಬೇಟೆಗೆ ಸಿಕ್ಕಿದ ಪ್ರಾಣಿ.

ಮುಂದಿನ ವಾರ ಹೋದಾಗ ಕ್ಯಾಮೆರಾ ಬ್ಯಾಗಿನಲ್ಲೇ ಬಿಟ್ಟೆ. ಸಾಹೇಬರ ಪಕ್ಕ ಹೋಗಿ ಕೂತೆ. ಫ್ಲಾಸ್ಕಿನಲ್ಲಿ ಟೀ ತೆಗೆದುಕೊಂಡು ಹೋಗಿದ್ದೆ. ಅವರು ಕುಡಿದರು. ಆಮೇಲೆ ತಾವಾಗಿಯೇ ಮಾತಿಗೆ ಇಳಿದರು.

ಅವರ ತಂದೆ ಸಿಟಿ ಮಾರ್ಕೆಟ್ ಹತ್ತಿರ ಜಟಕಾ ಓಡಿಸುತ್ತಿದ್ದರು. ಇವರೂ ಹುಡುಗರಾಗಿದ್ದಾಗ ಅದರ ಮೇಲೆ ಕೂತವರು. ಆಟೋ ಜಾಸ್ತಿಯಾದ ಮೇಲೆ ಜಟಕಾ ನಿಂತಿತು. ಕುದುರೆ ಬಿಡಲು ಮನಸ್ಸಾಗದೆ ಮದುವೆ ಮೆರವಣಿಗೆಗೆ ಕೊಡಲು ಶುರು ಮಾಡಿದರು. ಅವರು ಜಟಕಾ ಅಂದ ತಕ್ಷಣ ನನಗೆ ಅಮ್ಮ ನೆನಪಾದರು. ಮೆಜೆಸ್ಟಿಕ್‌ನಿಂದ ಮಲ್ಲೇಶ್ವರಕ್ಕೆ ಜಟಕಾದಲ್ಲಿ ಬಂದ ಕಥೆ ಅಮ್ಮ ಆಗಾಗ ಹೇಳುತ್ತಿದ್ದರು. ಕೂರುವಲ್ಲಿ ಹುಲ್ಲು ಹಾಸಿ ಮೇಲೊಂದು ಚಾಪೆ. ಬಂಡಿಗೆ ಎರಡೇ ಚಕ್ರ, ಭಾರ ಹಿಂದೆ ಜಾಸ್ತಿಯಾದರೆ ಮೂಕಿ ಮೇಲೇಳುತ್ತದೆ, ಮುಂದೆ ಜಾಸ್ತಿಯಾದರೆ ಕುದುರೆಯ ಬೆನ್ನಿಗೆ ಒತ್ತುತ್ತದೆ. ಅದಕ್ಕೆ ಜಟಕಾದವರು "ಸ್ವಲ್ಪ ಮುಂದೆ ಬನ್ನಿ ಅಮ್ಮ, ಸ್ವಲ್ಪ ಹಿಂದೆ ಸರೀರಿ" ಅಂತ ಹೇಳುತ್ತಲೇ ಇರುತ್ತಿದ್ದರಂತೆ. ಸಾಹೇಬರಿಗೆ ಇದನ್ನು ಹೇಳಿದೆ. "ಹೌದು ಸಾರ್, ನಮ್ಮಪ್ಪನೂ ಅದೇ ಮಾತು ದಿನಾ ಹೇಳ್ತಿದ್ರು" ಅಂದರು. ಆಮೇಲೆ ಮೋತಿ ಕಡೆ ತಿರುಗಿ, ನಾನು ಕೇಳದೆಯೇ "ಈಗ ತಗೊಳ್ಳಿ ಫೋಟೋ" ಅಂದರು.

ಹಾಗೆ ಶುರುವಾಯಿತು.

ಬಿಳಿ ಕುದುರೆಯ ಫೋಟೋ ತೆಗೆಯುವುದು ಸುಲಭ ಅಂದುಕೊಂಡಿದ್ದೆ. ಅಲ್ಲ. ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಮೀಟರ್ ಲೋಕವೆಲ್ಲ ನಡುಮಟ್ಟದ ಬೂದು ಬಣ್ಣ ಅಂತ ತಿಳಿದು ಲೆಕ್ಕ ಹಾಕುತ್ತದೆ. ಫ್ರೇಮ್ ತುಂಬ ಬಿಳಿ ಇದ್ದರೆ ಅದನ್ನೂ ಬೂದಿಗೆ ಇಳಿಸಿಬಿಡುತ್ತದೆ. ಹತ್ತಿರದಿಂದ ತೆಗೆದ ಮೋತಿಯ ಚಿತ್ರಗಳೆಲ್ಲ ತೊಳೆಯದ ಬಟ್ಟೆಯ ಹಾಗೆ ಬಂದವು. ಅದಕ್ಕೆ ಎಕ್ಸ್‌ಪೋಷರ್, ಅಂದರೆ ಒಳಗೆ ಬಿಡುವ ಬೆಳಕು, ಹೆಚ್ಚಿಸಬೇಕು. ಸರಿ ಅಂತ ಹೆಚ್ಚಿಸಿದೆ. ದೂರ ಹೋಗಿ ಹೊಲವೆಲ್ಲ ಬರುವ ಹಾಗೆ ತೆಗೆದೆ. ಈಗ ಉಲ್ಟಾ ಆಯಿತು. ಫ್ರೇಮ್ ತುಂಬ ಕಂದು ಕೂಳೆ, ಮೀಟರ್ ಅದನ್ನು ನೋಡಿ ಬೆಳಕು ಸಾಲದು ಅಂದುಕೊಂಡಿತು. ಮೋತಿ ಬರೀ ಒಂದು ಬಿಳಿ ತೂತಿನ ಹಾಗೆ ಕಂಡಳು. ಮೈಯ ಉಬ್ಬು ತಗ್ಗು ಏನೂ ಇಲ್ಲ. ದೂರದಿಂದ ತೆಗೆಯುವಾಗ ಒಂದು ಸ್ಟಾಪ್ ಕಡಿಮೆ ಮಾಡಬೇಕು, ಅಂದರೆ ಬೆಳಕನ್ನು ಅರ್ಧಕ್ಕೆ ಇಳಿಸಬೇಕು, ಕೆಲವು ಸಲ ಅದಕ್ಕೂ ಜಾಸ್ತಿ. ಅದೇ ಕುದುರೆ, ಅದೇ ಬಿಸಿಲು. ನಾನು ನಿಂತ ದೂರ ಬದಲಾದರೆ ಲೆಕ್ಕವೇ ತಿರುಗುತ್ತದೆ.

ಇನ್ನೊಂದು ವಿಷಯ. ಬಿಳಿ ಕುದುರೆ ಅನ್ನುತ್ತೇವಲ್ಲ, ಮೋತಿ ಹುಟ್ಟುವಾಗ ಬಿಳಿಯಾಗಿರಲಿಲ್ಲ. "ಹುಟ್ದಾಗ ಕಪ್ಪಗಿದ್ಲು ಸಾರ್, ಇದ್ದಿಲು ಇದ್ದಂಗೆ" ಅಂದರು ಸಾಹೇಬರು. ಅವರ ತಮ್ಮನ ಲಾಯದಲ್ಲೇ ಹುಟ್ಟಿದ ಮರಿಯಂತೆ. ನಾನು ನಂಬಲಿಲ್ಲ. ಆಮೇಲೆ ತಿಳಿಯಿತು. ನಾವು ಬಿಳಿ ಅನ್ನುವ ಕುದುರೆಗಳಲ್ಲಿ ಹೆಚ್ಚಿನವು ಕಡುಬಣ್ಣದ ಮರಿಗಳಾಗಿ ಹುಟ್ಟಿ, ವರ್ಷ ವರ್ಷ ಕೂದಲು ನರೆತು ಬೆಳ್ಳಗಾದವು. ಕೂದಲು ಮಾತ್ರ ಬಿಳಿ. ಚರ್ಮ ಕೊನೆಯವರೆಗೂ ಕಪ್ಪು. ಒಂದು ಸಂಜೆ ಸಾಹೇಬರು ಅವಳಿಗೆ ಬಕೆಟ್‌ನಲ್ಲಿ ನೀರಿಟ್ಟಿದ್ದರು. ನಾನು ಪಕ್ಕದಲ್ಲಿ, ಎರಡು ಅಡಿ ದೂರದಲ್ಲಿ ಕೂತಿದ್ದೆ. ಕುಡಿದು ತಲೆ ಎತ್ತಿದಾಗ ಒದ್ದೆ ಮೂತಿಯಲ್ಲಿ ಆ ಕಪ್ಪು ಚರ್ಮ ಕಂಡಿತು, ನಯವಾಗಿ, ತೊಳೆದ ಕಾವಲಿಯ ಹಾಗೆ. ಗದ್ದದಲ್ಲಿ ಉದ್ದುದ್ದ ಒಂಟಿ ಕೂದಲುಗಳು. ಒಂದೊಂದರ ತುದಿಯಲ್ಲೂ ಒಂದು ಹನಿ. ಹಿಂದಿನಿಂದ ಬಿಸಿಲು ಬಿದ್ದು ಅಷ್ಟೂ ಹನಿ ಒಟ್ಟಿಗೆ ಹೊತ್ತಿಕೊಂಡವು. ಕಿವಿಗಳ ತುದಿ ಒಳಕ್ಕೆ ಬಾಗಿ ಒಂದನ್ನೊಂದು ಮುಟ್ಟುವ ಹಾಗಿತ್ತು, ಮಾರ್ವಾಡಿ ತಳಿಯ ರಕ್ತ ಎಲ್ಲೋ ಇದೆ ಅನ್ನುವುದಕ್ಕೆ ಗುರುತು. ಕಣ್ಣಿನ ಪಾಪೆ ನಮ್ಮ ಹಾಗೆ ದುಂಡಗಿಲ್ಲ, ಅಡ್ಡಕ್ಕೆ ಉದ್ದ. ಆ ಕಣ್ಣಿನಲ್ಲಿ ಹೊಲ, ಕಲ್ಲು, ಆಕಾಶ, ನಾನು ಎಲ್ಲವೂ ಬಾಗಿ ಕೂತಿದ್ದೆವು.

ಆ ಚಿತ್ರ ತೆಗೆದೆ. ಚೆನ್ನಾಗಿಯೂ ಬಂತು. ಆದರೆ ನಾನು ಹುಡುಕುತ್ತಿದ್ದದ್ದು ಅದಲ್ಲ ಅಂತ ಆಗಲೇ ಗೊತ್ತಾಗಿತ್ತು. ಆ ಮುಖ ಎಲ್ಲಿಯದಾದರೂ ಆಗಬಹುದು. ರಾಜಸ್ಥಾನದ್ದು ಅಂದರೂ ನಂಬುತ್ತಾರೆ. ನನಗೆ ಬೇಕಿದ್ದದ್ದು ಈ ಜಾಗದಲ್ಲಿ ನಿಂತ ಕುದುರೆ.

ಈ ಜಾಗ ಅಂದರೆ ಏನು ಅನ್ನುವುದನ್ನು ಒಪ್ಪಿಕೊಳ್ಳಲು ನನಗೆ ಎರಡು ತಿಂಗಳು ಬೇಕಾಯಿತು. ಡಿಸೆಂಬರಿನಲ್ಲಿ ತೆಗೆದ ಚಿತ್ರಗಳನ್ನು ಈಗ ನೋಡಿದರೆ ನಾನೇನು ಮಾಡುತ್ತಿದ್ದೆ ಅಂತ ಸ್ಪಷ್ಟವಾಗಿ ಕಾಣುತ್ತದೆ. ಸೈಟ್ ಕಲ್ಲು ಬರಬಾರದು ಅಂತ ಬಗ್ಗಿದ್ದೇನೆ. ಕರೆಂಟ್ ಕಂಬ ಬರಬಾರದು ಅಂತ ಬಲಕ್ಕೆ ಸರಿದಿದ್ದೇನೆ. ನೈರುತ್ಯ ದಿಕ್ಕಿನಲ್ಲಿ ಹನ್ನೆರಡು ಮಹಡಿಯ ಒಂದು ಅಪಾರ್ಟ್‌ಮೆಂಟ್ ಇದೆ, ಅದು ಬರಬಾರದು ಅಂತ ಇನ್ನೂ ಬಲಕ್ಕೆ. ಉಳಿದದ್ದು ಒಂದಿಷ್ಟು ಹುಲ್ಲು, ಒಂದು ನೀಲಗಿರಿ ತೋಪಿನ ತುದಿ, ಒಂದು ಕುದುರೆ. ಕ್ಯಾಲೆಂಡರಿನಲ್ಲಿ ಹಾಕಬಹುದಾದ ಚಿತ್ರ. ಆದರೆ ಅಲ್ಲಿ ಬೆಂಗಳೂರೂ ಇಲ್ಲ, ಸಾಹೇಬರೂ ಇಲ್ಲ, ಮದುವೆ ಇಲ್ಲದ ದಿನ ಸೈಟುಗಳ ನಡುವೆ ಮೇಯುವ ಮೋತಿಯೂ ಇಲ್ಲ.

ಆ ಅಪಾರ್ಟ್‌ಮೆಂಟ್ ಇನ್ನೊಂದು ತೊಂದರೆಯನ್ನೂ ಕೊಟ್ಟಿತು. ಡಿಸೆಂಬರಿನಲ್ಲಿ ಸೂರ್ಯ ನೇರ ಪಶ್ಚಿಮದಲ್ಲಿ ಮುಳುಗುವುದಿಲ್ಲ. ನಮ್ಮಲ್ಲಿ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದು ಮುಳುಗುತ್ತಾನೆ. ಸರಿಯಾಗಿ ಆ ಕಟ್ಟಡದ ಹಿಂದೆ. ಹಾಗಾಗಿ ಹೊಲದಲ್ಲಿ ನಿಂತವರಿಗೆ ಸೂರ್ಯಾಸ್ತ ಅರ್ಧ ಗಂಟೆ ಮುಂಚೆಯೇ ಆಗಿಬಿಡುತ್ತದೆ. ಬೆಳಕು ಇನ್ನೇನು ಹಣ್ಣಾಗಬೇಕು ಅನ್ನುವಾಗ ಕಟ್ಟಡದ ನೆರಳು ಬಂದು ಮೋತಿಯನ್ನು ನುಂಗುತ್ತಿತ್ತು. ದೂರದ ನೀಲಗಿರಿ ತುದಿಗಳ ಮೇಲೆ ಮಾತ್ರ ಬಿಸಿಲು ಉಳಿದಿರುತ್ತಿತ್ತು.

ಬೇಸರದ ಸಂಗತಿ ಏನೆಂದರೆ, ಮೋತಿಗೆ ಹೆಚ್ಚು ಬಿಡುವು ಇದ್ದದ್ದೇ ಆಗ. ಧನುರ್ಮಾಸದಲ್ಲಿ ಮದುವೆ ಇಲ್ಲ. ದಿನಾ ಸಂಜೆ ಅಲ್ಲೇ ಮೇಯುತ್ತಿದ್ದಳು. ಸಂಕ್ರಾಂತಿ ಕಳೆದ ಮೇಲೆ ಮುಹೂರ್ತಗಳು ಶುರುವಾದವು. ಒಂದು ಸಂಜೆ ನಾನು ಹೋದಾಗ ಅವಳು ಮೆರವಣಿಗೆಗೆ ಹೊರಟು ನಿಂತಿದ್ದಳು. ಕೆಂಪು ಮಖಮಲ್ಲಿನ ಹೊದಿಕೆ, ಕನ್ನಡಿ ಚೂರು, ಹಣೆಗೆ ಜರಿ ಕುಚ್ಚು. ಕುದುರೆಗಳಿಗೆ ನೀಲಿ, ಹಳದಿ ಚೆನ್ನಾಗಿ ಕಾಣುತ್ತವೆ. ಕೆಂಪು ನಮಗೆ ಕಾಣುವ ಹಾಗೆ ಕಾಣುವುದಿಲ್ಲ. ಅಷ್ಟು ಕೆಂಪನ್ನು ಹೊತ್ತುಕೊಂಡು ಹೋಗುವವಳಿಗೆ ಆ ಕೆಂಪೇ ಗೊತ್ತಿಲ್ಲ ಅನ್ನುವುದು ನನ್ನನ್ನು ತುಂಬಾ ಹೊತ್ತು ಕಾಡಿತು. ಸಾಹೇಬರು ಅವಳ ಕಿವಿಗೆ ಹತ್ತಿ ಇಡುತ್ತಿದ್ದರು. ಪಟಾಕಿ, ಬ್ಯಾಂಡ್ ಸದ್ದು ತಡೆಯಲಿ ಅಂತ.

ಜನವರಿಯಲ್ಲಿ ಒಮ್ಮೆ ಅವಳನ್ನು ಹಗ್ಗ ಬಿಚ್ಚಿ ಓಡಲು ಬಿಟ್ಟಿದ್ದರು. ಬರೀ ಮೆರವಣಿಗೆ ನಡಿಗೆಯಲ್ಲೇ ಇದ್ದರೆ ಕಾಲು ಬಿಗಿಯುತ್ತದೆ, ವಾರಕ್ಕೆ ಒಂದೆರಡು ಸಲ ಓಡಬೇಕು ಅಂದರು. ಮೊದಲು ಕುಕ್ಕುಲೋಟ, ಆಮೇಲೆ ನಾಗಾಲೋಟ. ನೆಲ ನಡುಗುವುದು ಕೂತವರಿಗೂ ತಿಳಿಯುತ್ತಿತ್ತು. ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಶಟರ್ ಇಟ್ಟು ತೆಗೆಯುತ್ತಾ ಹೋದೆ. ಒಂದು ಚಿತ್ರದಲ್ಲಿ ನಾಲ್ಕೂ ಗೊರಸು ನೆಲದಿಂದ ಮೇಲಿವೆ. ಆದರೆ ಕಾಲುಗಳು ಹಿಂದೆ ಮುಂದೆ ಚಾಚಿಲ್ಲ. ಹೊಟ್ಟೆಯ ಕೆಳಗೆ ಮಡಚಿ ಒಟ್ಟುಗೂಡಿವೆ.

ನೂರಾರು ವರ್ಷ ಚಿತ್ರಕಾರರು ಇದನ್ನು ತಪ್ಪಾಗಿ ಬರೆದರು. ಓಡುವ ಕುದುರೆ ಅಂದರೆ ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ ಗಾಳಿಯಲ್ಲಿ ತೇಲಬೇಕು ಅನ್ನುವುದು ಅವರ ಲೆಕ್ಕ. ಕಣ್ಣಿಗೆ ಹಾಗೇ ಕಾಣುತ್ತದೆ ಕೂಡ. 1878ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಎಡ್ವರ್ಡ್ ಮೈಬ್ರಿಜ್ ಅನ್ನುವ ಫೋಟೋಗ್ರಾಫರ್ ಓಟದ ಹಾದಿಯ ಪಕ್ಕ 12 ಕ್ಯಾಮೆರಾ ಸಾಲಾಗಿ ಇಟ್ಟ. ಹಾದಿಗೆ ಅಡ್ಡಲಾಗಿ ದಾರಗಳು. ಸ್ಯಾಲಿ ಗಾರ್ಡ್‌ನರ್ ಅನ್ನುವ ಹೆಣ್ಣು ಕುದುರೆ ಓಡುತ್ತಾ ದಾರ ಕಡಿದ ಹಾಗೆಲ್ಲ ಒಂದೊಂದು ಶಟರ್ ಬಿತ್ತು. ಕುದುರೆಗಳ ಮಾಲೀಕ ಲೆಲಾಂಡ್ ಸ್ಟ್ಯಾನ್‌ಫರ್ಡ್, ರೈಲ್ವೆ ಧಣಿ, ಕ್ಯಾಲಿಫೋರ್ನಿಯಾದ ಗವರ್ನರ್ ಆಗಿದ್ದವನು. ನಾಲ್ಕೂ ಕಾಲು ಗಾಳಿಯಲ್ಲಿರುವುದು ಅವು ಹೊಟ್ಟೆಯ ಕೆಳಗೆ ಕೂಡಿದಾಗಲೇ, ಚಾಚಿದಾಗ ಅಲ್ಲ ಅನ್ನುವುದು ಅಂದು ಖಚಿತವಾಯಿತು.

ಮೈಬ್ರಿಜ್‌ನ ಆ ಚಿತ್ರಗಳನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಅವನಿಗೆ ಸಂಜೆ ಬೆಳಕು ಸಾಲುತ್ತಿರಲಿಲ್ಲ. ಆಗಿನ ಗಾಜಿನ ಪ್ಲೇಟು ತುಂಬಾ ನಿಧಾನ, ಕಟು ಬಿಸಿಲೇ ಬೇಕು, ಹಿಂದೆ ಬಿಳಿ ಪರದೆ ಬೇಕು. ಆದ್ದರಿಂದ ಕುದುರೆ ಬರೀ ಕಪ್ಪು ಆಕಾರವಾಗಿ ಬಂದಿದೆ. ಹೊಲ ಇಲ್ಲ, ಮರ ಇಲ್ಲ, ದಿಗಂತ ಇಲ್ಲ. ಅವನಿಗೆ ಕಾಲುಗಳು ಬೇಕಿದ್ದವು, ಕಾಲುಗಳು ಸಿಕ್ಕವು. ನನ್ನ ಓಟದ ಚಿತ್ರವೂ ಹಾಗೇ ಇತ್ತು. ಮಡಚಿದ ಕಾಲು ಬಿಟ್ಟರೆ ಅದರಲ್ಲಿ ಬೇರೇನೂ ಇರಲಿಲ್ಲ.

ಮೋತಿ ಸಿಗದ ದಿನಗಳಲ್ಲಿ ಕಬ್ಬನ್ ಪಾರ್ಕಿಗೆ ಹೋಗುತ್ತಿದ್ದೆ. ಅಲ್ಲಿ ಬ್ರಿಟಿಷರ ಕಾಲದಲ್ಲಿ ಮೈಸೂರಿನ ಕಮಿಷನರ್ ಆಗಿದ್ದ ಸರ್ ಮಾರ್ಕ್ ಕಬ್ಬನ್ ಕುದುರೆ ಮೇಲೆ ಕೂತಿರುವ ಪ್ರತಿಮೆ ಇದೆ. ತುಂಬಾ ವರ್ಷ ಹೈಕೋರ್ಟ್ ಎದುರಿಗಿತ್ತು, 2020ರಲ್ಲಿ ಪಾರ್ಕಿನ ಒಳಗೆ ತಂದು ಇಟ್ಟರು. ಆ ಕುದುರೆ ಅಲುಗುವುದಿಲ್ಲ. ಸುತ್ತ ತಿರುಗಿ ನೋಡಬಹುದು. ಬೆಳಕು ಪಕ್ಕದಿಂದ ಬಿದ್ದರೆ ಕುತ್ತಿಗೆಯ ಮಾಂಸಖಂಡ ಎದ್ದು ಕಾಣುತ್ತದೆ, ಎದುರಿನಿಂದ ಬಿದ್ದರೆ ಎಲ್ಲ ಚಪ್ಪಟೆ, ಹಿಂದಿನಿಂದ ಬಿದ್ದರೆ ಅಂಚು ಮಾತ್ರ. ಎಷ್ಟೋ ವರ್ಷದಿಂದ ಗೊತ್ತಿದ್ದ ಮಾತೇ. ಆದರೆ ಒಂದು ಕುದುರೆಯ ಸುತ್ತ ಹದಿನೈದು ಹೆಜ್ಜೆ ನಡೆದು ನೋಡಿದ ಮೇಲೆ ಅದು ಕೈಗೆ ಬಂತು. ಮೋತಿಗೆ ಹಿಂದಿನಿಂದಲೇ ಬೆಳಕು ಬೇಕು ಅಂತ ನಿರ್ಧಾರ ಮಾಡಿದ್ದು ಅಲ್ಲೇ. ಬಿಳಿ ಮೈಗೆ ಎದುರು ಬಿಸಿಲು ಬಿದ್ದರೆ ಸುಣ್ಣದ ಗೋಡೆ. ಹಿಂದಿನಿಂದ ಬಿದ್ದರೆ ಮೈ ನೆರಳಿನಲ್ಲಿ ತಣ್ಣಗೆ ನೀಲಿಯಾಗಿ ಉಳಿಯುತ್ತದೆ, ಜೂಲು, ಬಾಲ, ಬೆನ್ನಿನ ಅಂಚು ಮಾತ್ರ ಉರಿಯುತ್ತದೆ. ಕೂಳೆಯ ಹಳದಿ ಹೊಟ್ಟೆಯ ಕೆಳಗೆ ತಿರುಗಿ ಬಡಿದು ಅಲ್ಲೊಂದು ಸಣ್ಣ ಬೆಚ್ಚಗಿನ ಬಣ್ಣ ಕೊಡುತ್ತದೆ.

ಹಿಂದಿನಿಂದ ಬೆಳಕು ಬೇಕೆಂದರೆ ನಾನು ಏರಿಯ ಮೇಲೆ, ಪೂರ್ವದಲ್ಲಿ ನಿಲ್ಲಬೇಕು. ಸೂರ್ಯ ಪಶ್ಚಿಮದಲ್ಲಿ, ಕಟ್ಟಡದಿಂದ ಬಲಕ್ಕೆ ಬರಬೇಕು. ನಾನು ಮಾಡಬಹುದಾದದ್ದು ಏನೂ ಇರಲಿಲ್ಲ. ಕಾಯುವುದೊಂದೇ. ಫೆಬ್ರವರಿಯಲ್ಲಿ ಪ್ರತಿ ವಾರ ಹೋಗಿ ನೋಡಿದೆ. ಸೂರ್ಯ ವಾರ ವಾರ ಸ್ವಲ್ಪ ಸ್ವಲ್ಪ ಉತ್ತರಕ್ಕೆ ಸರಿಯುತ್ತಿದ್ದ. ಒಂದು ವಾರ ಕಟ್ಟಡದ ಬಲ ಮೂಲೆಗೆ ತಾಗಿಕೊಂಡು ಮುಳುಗಿದ. ಅದರ ಮುಂದಿನ ವಾರ ಬಯಲಿಗೆ ಬಂದ. ಇಷ್ಟು ವರ್ಷ ಬೆಂಗಳೂರಿನಲ್ಲಿದ್ದೂ ಸೂರ್ಯ ಹೀಗೆ ನಡೆಯುವುದನ್ನು ನಾನು ಕಣ್ಣಾರೆ ಕಂಡಿರಲಿಲ್ಲ. ಅದನ್ನು ತೋರಿಸಿಕೊಟ್ಟದ್ದು ನಾನು ಬೈದುಕೊಂಡಿದ್ದ ಆ ಕಟ್ಟಡವೇ. ಅಳತೆಗೋಲಿನ ಹಾಗೆ ನಿಂತಿತ್ತು.

ನಮ್ಮ ಸಂಜೆಯ ಬಗ್ಗೆ ಒಂದು ಮಾತು. ಸೂರ್ಯ ಮುಳುಗುವ ಮುಂಚಿನ ಬಂಗಾರದ ಬೆಳಕಿನ ಹೊತ್ತಿಗೆ ಹೊರದೇಶದವರ ವಿಡಿಯೋಗಳಲ್ಲಿ ಗೋಲ್ಡನ್ ಅವರ್ ಅನ್ನುತ್ತಾರೆ, ಒಂದು ಗಂಟೆ ಇದೆ, ನಿಧಾನವಾಗಿ ಮಾಡಿ ಅನ್ನುತ್ತಾರೆ. ಇಲ್ಲಿ ಅಷ್ಟಿಲ್ಲ. ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ. ಮಾರ್ಚ್‌ನಲ್ಲಿ ದಿಗಂತದಿಂದ 6 ಡಿಗ್ರಿ ಮೇಲಿದ್ದವನು ಮುಳುಗಲು ನಮ್ಮಲ್ಲಿ 25 ನಿಮಿಷ ಸಾಕು. ಅದೇ ದಿನ ಲಂಡನ್‌ನಲ್ಲಿ ಓರೆಯಾಗಿ ಜಾರುತ್ತಾ 40 ನಿಮಿಷದ ಹತ್ತಿರ ತೆಗೆದುಕೊಳ್ಳುತ್ತಾನೆ. ಕೆಳಗಿಳಿದಷ್ಟೂ ಬೆಳಕು ಹೆಚ್ಚು ಗಾಳಿಯನ್ನು ದಾಟಿ ಬರಬೇಕು. ದಾರಿಯಲ್ಲಿ ನೀಲಿ ಚೆದುರಿಹೋಗಿ ಹಳದಿ, ಕೆಂಪು ಉಳಿಯುತ್ತದೆ. ಜೊತೆಗೆ ನಮ್ಮ ಬೇಸಿಗೆಯ ಧೂಳು. ಗೋಧೂಳಿ ಅನ್ನುವ ಪದ ಸುಮ್ನೆ ಹುಟ್ಟಿದ್ದಲ್ಲ. ಮೇಯ್ದು ಮನೆಗೆ ಹೊರಟ ದನಗಳ ಕಾಲಿನಿಂದ ಎದ್ದ ಧೂಳಿನಲ್ಲಿ ಬಿಸಿಲು ನಿಂತುಕೊಳ್ಳುತ್ತದೆ. ಬೆಳಕನ್ನು ಕೈಯಲ್ಲಿ ಹಿಡಿಯಬಹುದು ಅನ್ನಿಸುತ್ತದೆ.

ನೆರಳಿನ ಲೆಕ್ಕವೂ ಹಾಗೇ. ಮೋತಿಯ ಬೆನ್ನು ಸುಮಾರು ಒಂದೂವರೆ ಮೀಟರ್ ಎತ್ತರ. ಸೂರ್ಯ 10 ಡಿಗ್ರಿ ಎತ್ತರದಲ್ಲಿದ್ದರೆ ಆ ಬೆನ್ನಿನ ನೆರಳು ಎಂಟೂವರೆ ಮೀಟರ್. 5 ಡಿಗ್ರಿಗೆ ಇಳಿದರೆ 17 ಮೀಟರ್. ಇಪ್ಪತ್ತು ನಿಮಿಷದಲ್ಲಿ ನೆರಳು ಎರಡು ಪಟ್ಟು. ಏರಿಯ ಮೇಲಿಂದ ನೋಡಿದರೆ ಅದು ನನ್ನ ಕಡೆಗೇ ಹರಿದು ಬರುತ್ತಿರುತ್ತದೆ.

ಮಾರ್ಚ್ ಮೂರನೇ ವಾರ. ಯುಗಾದಿ ಹತ್ತಿರ ಬಂದಿತ್ತು. ಹೊಂಗೆ ಮರ ಹೊಸ ಎಲೆ ತೊಟ್ಟು ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಹಿಂದಿನ ರಾತ್ರಿ ಮೋತಿ ಮೆರವಣಿಗೆ ಮುಗಿಸಿ ಬಂದಿದ್ದಳು. ಬೆಳಗ್ಗೆ ಮಾಲೀಷು, ನೆನೆಸಿದ ಹುರುಳಿ, ಆಮೇಲೆ ಪೂರ್ತಿ ವಿಶ್ರಾಂತಿ ಅಂದರು ಸಾಹೇಬರು. ನಾನು ಅವಳ ಹತ್ತಿರ ಹೋಗಲಿಲ್ಲ. ದೂರದಿಂದಲೇ "ಮೋತಿ" ಅಂತ ಕೂಗಿದೆ. ಒಂದು ಕಿವಿ ಮಾತ್ರ ನನ್ನ ಕಡೆ ತಿರುಗಿತು. ಇನ್ನೊಂದು ಕಿವಿ ಸಾಹೇಬರ ಕಡೆಯೇ ಇತ್ತು.

ಏರಿಯ ಮೇಲೆ ಹೋಗಿ ಕೂತೆ. ಉದ್ದ ಲೆನ್ಸ್ ಬ್ಯಾಗಿನಲ್ಲೇ ಇತ್ತು. ಹೆಚ್ಚು ಜಾಗ ಹಿಡಿಯುವ 35 ಎಂಎಂ ಲೆನ್ಸ್ ಹಾಕಿದೆ. ಮೊದಲ ದಿನದ ಹಾಗೆ ನೆಲಕ್ಕೆ ಬಗ್ಗಿ ಅವಳನ್ನು ಆಕಾಶದ ಎದುರಿಗೆ ಎತ್ತಿ ನಿಲ್ಲಿಸುವ ಆಸೆ ಇರಲಿಲ್ಲ. ಎತ್ತರದಿಂದ ನೋಡಿದರೆ ಅವಳ ಹಿಂದೆ ಆಕಾಶವಲ್ಲ, ನೆಲ. ಒಣಗಿದ ಹುಲ್ಲು, ಕಲ್ಲಿನ ಸಾಲುಗಳು, ಕರೆಂಟ್ ಕಂಬ, ಎಡಕ್ಕೆ ಮಬ್ಬು ಧೂಳಿನಲ್ಲಿ ಆ ಕಟ್ಟಡ, ಬಲಕ್ಕೆ ನೀಲಗಿರಿ ತೋಪು. ಯಾವುದನ್ನೂ ತೆಗೆಯಲಿಲ್ಲ. ಸೂರ್ಯನ ಕಿರಣ ನೇರ ಲೆನ್ಸಿಗೆ ಬೀಳದ ಹಾಗೆ ಎಡಗೈ ಅಡ್ಡ ಹಿಡಿದೆ. ಒಂದೂವರೆ ಸ್ಟಾಪ್ ಕಡಿಮೆ ಮಾಡಿದೆ. ಮತ್ತೆ ಸುಮ್ಮನೆ ಕೂತೆ.

ಸ್ವಲ್ಪ ಹೊತ್ತು ಅವಳು ಮೇಯ್ದಳು. ಮೂರು ಬೆಳ್ಳಕ್ಕಿ ಅವಳ ಕಾಲ ಬಳಿಯೇ ನಡೆಯುತ್ತಿದ್ದವು. ಅವಳು ಹೆಜ್ಜೆ ಇಟ್ಟಾಗ ಹಾರುವ ಮಿಡತೆಗಳಿಗಾಗಿ. ಆಮೇಲೆ ಮೇಯುವುದು ನಿಂತಿತು. ತಲೆ ಅರ್ಧಕ್ಕೆ ಇಳಿಯಿತು. ಕೆಳತುಟಿ ಸಡಿಲಾಯಿತು. ಎಡ ಹಿಂಗಾಲನ್ನು ಸ್ವಲ್ಪ ಎತ್ತಿ ಗೊರಸಿನ ತುದಿಯನ್ನು ಮಾತ್ರ ನೆಲಕ್ಕೆ ಊರಿದಳು. ಕುದುರೆ ನಿಂತೇ ತೂಕಡಿಸುವ ರೀತಿ ಇದು. ಕಾಲಿನ ಸ್ನಾಯುರಜ್ಜುಗಳು ಕೀಲನ್ನು ಹಿಡಿದಿಡುತ್ತವೆ, ಹಾಗಾಗಿ ಒಂದೊಂದು ಹಿಂಗಾಲಿಗೆ ಸರದಿಯಂತೆ ವಿಶ್ರಾಂತಿ ಕೊಡಬಹುದು. ಹೆದರಿದ ಕುದುರೆ ಹೀಗೆ ನಿಲ್ಲುವುದಿಲ್ಲ. ನವೆಂಬರಿನಲ್ಲಿ ಗೂಟ ಕಿತ್ತವಳು ನಾನು ಅಲ್ಲೇ ಕೂತಿರುವಾಗ ಕಣ್ಣು ಮುಚ್ಚಿದ್ದಳು.

ಬೆನ್ನಿನಿಂದ ಬಾಲದವರೆಗೆ ಒಂದು ಬಂಗಾರದ ಎಳೆ. ಅವಳ ನೆರಳು ಹುಲ್ಲಿನ ಮೇಲೆ ಉದ್ದಕ್ಕೆ ಮಲಗಿ, ಒಂದು ಸೈಟ್ ಕಲ್ಲನ್ನು ದಾಟಿ, ಎರಡನೆಯದನ್ನು ಮುಟ್ಟುತ್ತಿತ್ತು. ಕಲ್ಲುಗಳಿಗೂ ನೆರಳಿತ್ತು. ಎಲ್ಲವೂ ಒಂದೇ ದಿಕ್ಕಿಗೆ. ಮೂರು ಸಲ ಶಟರ್ ಒತ್ತಿದೆ, ಅಷ್ಟೇ.

ಯುಗಾದಿ ಕಳೆದ ಮೇಲೆ ದೊಡ್ಡ ಪ್ರಿಂಟ್ ಹಾಕಿಸಿಕೊಂಡು ಸಾಹೇಬರ ಹತ್ತಿರ ಹೋದೆ. ಆ ಚಿತ್ರದಲ್ಲಿ ಮೋತಿ ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದು. ಜೊತೆಗೆ ಒದ್ದೆ ಮೂತಿಯ ಆ ಹತ್ತಿರದ ಚಿತ್ರವನ್ನೂ ತಂದಿದ್ದೆ, ಅದೇ ಅವರಿಗೆ ಇಷ್ಟವಾಗುತ್ತದೆ ಅಂದುಕೊಂಡು. ಮೊದಲು ಅದನ್ನು ಕೊಟ್ಟೆ. ನೋಡಿ ನಕ್ಕರು, ಅಂಗಿ ಜೇಬಿಗೆ ಇಟ್ಟುಕೊಂಡರು. ಆಮೇಲೆ ದೊಡ್ಡದನ್ನು ಬಿಚ್ಚಿದೆ. ಕನ್ನಡಕ ಹಾಕಿಕೊಂಡರು. ಹೊಂಗೆ ಮರದ ಬುಡಕ್ಕೆ ಒರಗಿಸಿ, ಕುಕ್ಕರಗಾಲಲ್ಲಿ ಕೂತು ನೋಡಿದರು. ತುಂಬಾ ಹೊತ್ತು ಮಾತಾಡಲಿಲ್ಲ.

"ಎಡಗಾಲು ಎತ್ತಿದ್ದಾಳೆ ನೋಡಿ," ಅಂದರು. "ಅವಳು ಯಾವಾಗ್ಲೂ ಎಡಗಾಲೇ ಮೊದ್ಲು ಎತ್ತೋದು. ಚಿಕ್ಕವಳಿದ್ದಾಗಿಂದ."

ಆಮೇಲೆ ಬೆರಳನ್ನು ಅವಳ ಕಾಲಿನಿಂದ ಶುರು ಮಾಡಿ ನೆರಳಿನ ಮೇಲೆ ಮೆಲ್ಲಗೆ ಎಳೆದುಕೊಂಡು ಬಂದರು, ಮೊದಲ ಕಲ್ಲು ದಾಟಿ ಎರಡನೆಯದಕ್ಕೆ.

"ಇದು ಆರೂ ಹತ್ತು ಇರ್ಬೇಕು ಸಾರ್. ನೆರಳು ಈ ಕಲ್ಲು ಮುಟ್ಟಿದ್ರೆ ನಾನು ಏಳ್ತೀನಿ. ಅವಳನ್ನ ಮನೆಗೆ ಹೊಡ್ಕೊಂಡು ಹೋಗೋ ಟೈಮು."

ಮನೆಗೆ ಬಂದು ಫೈಲ್ ತೆಗೆದು ನೋಡಿದೆ. 6 ಗಂಟೆ 9 ನಿಮಿಷ.